ಹುಣಸೆಯ ಕೆಚ್ಚಿನಲ್ಲಿ ಎರಡನೆಯ ಮೊಳೆ

ಗರಗಸ ಕಿರುಚಿತು.

ಕಟ್ಟಿಗೆ ಕೊಯ್ಯುವ ಸದ್ದಲ್ಲ ಅದು. ಕಬ್ಬಿಣಕ್ಕೆ ಕಬ್ಬಿಣ ತಾಗಿದ ಸದ್ದು, ಕೇಳಿದವರ ಹಲ್ಲಿನ ಬೇರಿಗೇ ಹೋಗಿ ಕೂರುವಂಥದ್ದು. ಮದೀನಾಬೀ ಓಡಿಬಂದು ಮೋಟರಿನ ಸ್ವಿಚ್ಚು ಆರಿಸಿದಳು. ಪಟ್ಟಿ ಗರಗಸ ಸುತ್ತಿ ಸುತ್ತಿ ನಿಂತಿತು. ಹುಣಸಗಿ ರಸ್ತೆಯ ಆ ಸಾ ಮಿಲ್ಲಿನಲ್ಲಿ ಈಗ ಗಾಳಿಯಲ್ಲಿ ತೇಲುವ ಪುಡಿ ಬಿಟ್ಟರೆ ಬೇರೇನೂ ಅಲುಗಾಡುತ್ತಿರಲಿಲ್ಲ.

“ಅಂದಿದ್ದೆ ಇಲ್ರಿ ಮೇಡಂ? ಸುರಪುರ ತಾಲೂಕಿನಾಗ ಈ ಮದೀನಾಬೀ ಮಾತು ಸುಳ್ಳಾಗಿದ್ದು ಒಬ್ಬರು ತೋರಸಲಿ. ಒಳಗ ಮೊಳಿ ಅದ,” ಎಂದಳು.

ತನ್ನನ್ನು ಹೊಗಳಲು ಬೇರೆಯವರನ್ನು ಕಾಯುವ ಹೆಂಗಸಲ್ಲ ಅವಳು. ಗಂಡ ಸತ್ತ ಮೇಲೆ ಮಿಲ್ಲು ನಡೆಸಿದವಳು, ಗಂಡಸರ ಹತ್ತಿರ ಚೌಕಾಸಿ ಮಾಡಿ ಗೆದ್ದವಳು. ಅಷ್ಟು ಜಂಬ ಇರಲಿ ಬಿಡಿ ಎಂದು ಊರೇ ಬಿಟ್ಟಿತ್ತು.

ಸಬ್ ಇನ್ಸ್‌ಪೆಕ್ಟರ್ ಪಂಚಶೀಲಾ ದಿಮ್ಮಿಯ ಹತ್ತಿರ ಬಂದಳು. ಮೂರು ವಾರದ ಹಿಂದೆ ರೋಹಿಣಿ ಮಳೆಯ ಗಾಳಿಗೆ ಸುಂದ್ರಮ್ಮನ ಹಿತ್ತಲಲ್ಲಿ ಬುಡಮೇಲಾದ ಹುಣಸೆ ಅದು. ಅದರ ಬೇರಿನ ಗುಂಡಿಯಲ್ಲಿ ಅದೇ ದಿನ ಸಿಕ್ಕ ಒಂದು ಕಾಲ್ಗೆಜ್ಜೆ, ಎಂಟು ವರ್ಷದ ಹಿಂದೆ ಕಾಣೆಯಾದ ಅವಳ ಮಗಳು ಅನುರಾಧಾಳದು. ಆ ಗೆಜ್ಜೆಯಿಂದಾಗಿಯೇ ಅವಳನ್ನು ಪ್ರೀತಿಸಿದ್ದ ಕುರಿಗಾರ ಹಣಮೇಶ ಕೊಲೆಗಾರನೆಂದು ಜೈಲು ಸೇರಿದ್ದ. ನಾಳೆ ಕೋರ್ಟಿಗೆ ಆರೋಪಪಟ್ಟಿ ಹೋಗಬೇಕು, ಕೆಳಗೆ ಪಂಚಶೀಲಾಳ ಸಹಿ ಬೀಳಬೇಕು. ಆ ಸಹಿಗೆ ಅವಳ ಕೈ ಏಳುತ್ತಿರಲಿಲ್ಲ.

“ಹಲಗಿ ಬಿಡಸ್ರಿ,” ಎಂದಳು.

ಹೆಡ್ ಕಾನ್‌ಸ್ಟೇಬಲ್ ಬಾಲಪ್ಪ ಮತ್ತು ಮಿಲ್ಲಿನ ಆಳುಗಳು ಸೇರಿ ಬೆಣೆ ಹೊಡೆದರು. ಅರ್ಧ ಕೊಯ್ದಿದ್ದ ಹಲಗೆ ಸದ್ದು ಮಾಡುತ್ತಾ ಸೀಳಿ, ಪುಸ್ತಕದ ಹಾಳೆಯಂತೆ ತೆರೆದುಕೊಂಡಿತು.



ಹೊರಗಿನಿಂದ ನೋಡಿದರೆ ಬಿರುಕು ಬಿಟ್ಟ ಬೂದು ತೊಗಟೆಯ ಮುದಿ ಮರ. ಒಳಗೆ ಹಳದಿ ಕಟ್ಟಿಗೆಯ ನಡುವೆ ಕೆಚ್ಚು ಹರಿದಿತ್ತು. ನೇರಳೆ ಹಣ್ಣಿನ ಬಣ್ಣ, ಅಂಚಿನಲ್ಲಿ ಕಂದು, ನಡುವೆ ಹೊಗೆಯಾಡಿದಂಥ ಕಪ್ಪು ಗೆರೆಗಳು. ಕೃಷ್ಣೆಯ ನೀರು ತಿರುವಿನಲ್ಲಿ ಸುತ್ತುವ ಹಾಗೆ ಆ ಗೆರೆಗಳು ಒಂದು ಗಂಟನ್ನು ಸುತ್ತಿ ಮುಂದೆ ಹೋಗಿದ್ದವು. ಪಂಚಶೀಲಾ ದೇವಾಪುರದ ಹೊಲಗಳಲ್ಲಿ ಬೆಳೆದವಳು, ಹುಣಸೆ ಮರ ಹತ್ತಿದವಳು, ಅದರ ಚಿಗುರು ತಿಂದವಳು. ಇಷ್ಟು ದಿನ ಯಾವುದರ ಮೇಲೆ ಕಾಲಿಟ್ಟು ಹತ್ತಿದ್ದೆ ಎಂಬುದು ಅವಳಿಗೆ ಗೊತ್ತೇ ಇರಲಿಲ್ಲ.

“ಕೆಚ್ಚು ಅಂದ್ರ ಇದರಿ,” ಎಂದ ಬಾಲಪ್ಪ, ಟೋಪಿ ತೆಗೆದು. “ಕೆಚ್ಚೆದಿ ಅಂತಾರಲ್ಲ, ಸುಮ್ಮ ಅಂದಿಲ್ಲ.”

ಕೆಚ್ಚಿನ ಅಂಚಿನಲ್ಲಿ, ತೊಗಟೆಯಿಂದ ನಾಲ್ಕು ಬೆರಳು ಒಳಗೆ, ಮೊಳೆ ಇತ್ತು. ಮರ ಅದನ್ನು ಪೂರ್ತಿ ನುಂಗಿತ್ತು. ಸುತ್ತ ಮಸಿ ಚೆಲ್ಲಿದ ಹಾಗೆ ನೀಲಿಗಪ್ಪು ಕಲೆ, ಕಟ್ಟಿಗೆಯ ನರನರಕ್ಕೂ ಹರಿದು ಮೊಳೆಗಿಂತ ಹತ್ತು ಪಟ್ಟು ಉದ್ದ ಬೆಳೆದಿತ್ತು.

“ಶೈತಾನನ ರಕ್ತಾರಿ ಅದು. ಮೊಳಿಯಾಗ ಕಟ್ಟಿದ್ದು ಹೊರಗ ಬರಾಕ ನೋಡೇದ,” ಎಂದಳು ಮದೀನಾಬೀ.

“ರಕ್ತ ಅಲ್ಲ. ಹುಣಸಿಯೊಳಗಿನ ಒಗರು, ಕಬ್ಬಿಣ, ನೀರು. ಮೂರೂ ವರ್ಷಗಟ್ಟಲೆ ಕೂಡಿದ್ರ ಮಸಿ ಆಗ್ತದ,” ಎಂದಳು ಪಂಚಶೀಲಾ. ಮದೀನಾಬೀಗೆ ತನ್ನ ಶೈತಾನನನ್ನು ಬಿಟ್ಟುಕೊಡಲು ಮನಸ್ಸಿರಲಿಲ್ಲ. ಮೂಗು ಮುರಿದು ಸುಮ್ಮನಾದಳು.

ತಗಡಿನ ನೆರಳಲ್ಲಿ ಕೂತಿದ್ದ ಸುಂದ್ರಮ್ಮ ಮೆಲ್ಲಗೆ ಎದ್ದು ಬಂದಳು. ಅವಳ ತಲೆ ತುಂಬ ಬಿಳಿ ಕೂದಲು. ಹಲಗೆಯ ಮೇಲೆ ಕೈಯಾಡಿಸಿ, ಮೊಳೆಯ ಹತ್ತಿರ ಬೆರಳು ನಿಲ್ಲಿಸಿದಳು.

“ನನ್ನ ಮಗಳದು. ಹದಿನೈದರಾಗ ಮೂರ್ಛಿ ಬೀಳತಿದ್ಳು. ದೆವ್ವ ಅಂದ್ರು. ಮಂತ್ರದಾಂವ ಬಂದು ನೆತ್ತಿ ಕೂದಲ ಬೇರು ಸಮೇತ ಕಿತ್ತು, ಮೊಳಿಗೆ ಸುತ್ತಿ ಗಿಡದ ಬುಡಕ್ಕ ಹೊಡದ. ಗಿಡ ಇರೋತನಕ ಕಟ್ಟು ಇರತದ ಅಂದ. ನಾ ಅಳಕೋತ ನಿಂತಿದ್ದೆ, ತಂಗಿ.”

“ಒಂದ ಮೊಳಿ ಏನ್ರಿ ಅವ್ವಾ?”

“ಒಂದ. ಅದಕ್ಕ ಈ ಗಿಡ ಸೌದಿ ಆಗಬಾರದು ಅಂದೆ. ಇದರಾಗ ಹೊಸ್ತಿಲಾ ಮಾಡಸ್ತೀನಿ. ಸತ್ತಾಳಂತ ನೀವೆಲ್ಲಾ ಅಂತೀರಿ. ಬಂದ್ರ ದಾಟಾಕ ಒಂದು ಹೊಸ್ತಿಲಾ ಬೇಕಲ್ಲವಾ?”

ಪಂಚಶೀಲಾ ಮದೀನಾಬೀಯ ಕಡೆ ತಿರುಗಿ, ಕೊಯ್ಯಿರಿ ಎಂದು ಕೈಸನ್ನೆ ಮಾಡಿದಳು.

ಈ ಮರ ಮಿಲ್ಲು ಸೇರಲು ನಡೆದ ರಾಮಾಯಣವೇ ಅವಳ ತಲೆ ತಿನ್ನುತ್ತಿತ್ತು. ಬಿದ್ದ ಮರುದಿನವೇ ಮದೀನಾಬೀ ಬಂದು ಬೇರಿನ ಗಡ್ಡೆಯಿಂದ ದಿಮ್ಮಿಯನ್ನು ಕತ್ತರಿಸಿ, ತುದಿಗಳು ಸೀಳಬಾರದೆಂದು ಎರಡೂ ಕಡೆ ಸೆಗಣಿ ಸುಣ್ಣ ಕಲಸಿ ಮೆತ್ತಿದ್ದಳು. ಒಣಗಲು ಹಿತ್ತಲಿನಲ್ಲೇ ಬಿಟ್ಟಿದ್ದರು. ಆದರೆ ಸುಂದ್ರಮ್ಮನ ತಮ್ಮ ಮಹಾದೇವಪ್ಪ, ವಡಗೇರಾದ ಗೊಬ್ಬರದಂಗಡಿಯವನು, ಕೊಯ್ಯಲು ಬಿಡಲೇ ಇಲ್ಲ. ಬಿದ್ದ ಗಿಡ ಬಿದ್ದಲ್ಲೇ ಇರಲಿ, ಕೊಯ್ದರೆ ಮನೆತನಕ್ಕೆ ಕೇಡು ಎಂದು ಹಟ ಹಿಡಿದ. ಅದೇ ಮಹಾದೇವಪ್ಪ ಹೋದ ವರ್ಷ ಅದೇ ಹಿತ್ತಲಿನ ಬೇವನ್ನು ಅಕ್ಕನಿಗೆ ಹೇಳದೆ ಮಾರಿಕೊಂಡಿದ್ದ. ಭೂತದ ಬಾಯಲ್ಲಿ ಭಗವದ್ಗೀತೆ ಕೇಳಿದಾಗ ಪೊಲೀಸರು ಕಿವಿ ನೆಟ್ಟಗೆ ಮಾಡಿಕೊಳ್ಳಬೇಕು. ನಿನ್ನೆ ಪಂಚಶೀಲಾ ಎದುರಿಗೆ ನಿಂತೇ ದಿಮ್ಮಿಯನ್ನು ಟ್ರ್ಯಾಕ್ಟರಿಗೆ ಏರಿಸಿದ್ದಳು.

ಗರಗಸ ಮತ್ತೆ ಹಾಡತೊಡಗಿತು. ಎರಡನೆಯ ಹಲಗೆ ಚೆನ್ನಾಗಿ ಬರುತ್ತಿತ್ತು. ಮಿಲ್ಲಿನ ತುಂಬ ಹುಳಿ ಹುಳಿ ವಾಸನೆ. ಹುಣಸೆ ಮುಪ್ಪಾದರೆ ಹುಳಿ ಮುಪ್ಪೇ ಅಂತಾರಲ್ಲ, ಅದು ಮೂಗಿಗೇ ಗೊತ್ತಾಗುತ್ತಿತ್ತು. ಕೊಯ್ತ ತುದಿಗೆ ಬಂದು, ಬುಡದ ಕಡೆಗೆ ಇನ್ನೇನು ಅರ್ಧ ಗೇಣು ಉಳಿದಿದೆ ಅನ್ನುವಾಗ ಗರಗಸ ಎರಡನೇ ಸಲ ಕಿರುಚಿತು.

ಮದೀನಾಬೀ ಈ ಸಲ ಸುಂದ್ರಮ್ಮನ ಮೇಲೇ ಹರಿಹಾಯ್ದಳು. “ಒಂದ ಮೊಳಿ ಅಂದಿ. ನನ್ನ ಬ್ಲೇಡಿಂದು ಹಲ್ಲು ಹೋತು ನೋಡು. ಊರಾಗಿನ ದೆವ್ವ ಎಲ್ಲಾ ಇದರಾಗ ತುಂಬೀರೇನು?”

“ಒಂದ ಇತ್ತು ಬೀ. ನಮ್ಮವ್ವನ ಆಣಿ ಮಾಡಿ ಹೇಳ್ತೇನಿ.”

ಉಳಿ ಹಿಡಿದು ಮದೀನಾಬೀಯೇ ಬಿಡಿಸಿದಳು. ಸೀಳು ಬಿಚ್ಚಿಕೊಂಡಿತು. “ಇದೂ ಅಂಥಾದ್ದ ಐತ್ರಿ ಮೇಡಂ. ದೆವ್ವದ ಮೊಳಿ. ಎರಡೂ ಒಂದ ದಿನದ್ದು,” ಎಂದಳು.

ಸುರಪುರ ತಾಲೂಕಿನಲ್ಲಿ ಮದೀನಾಬೀಯ ಮಾತು ಸುಳ್ಳಾದದ್ದು ಆಗ.

ಪಂಚಶೀಲಾ ಎರಡು ಹಲಗೆಗಳನ್ನೂ ಬಿಸಿಲಿಗೆ ಎಳೆಸಿ ಪಕ್ಕಪಕ್ಕ ಇಡಿಸಿದಳು. ಮೊದಲನೆಯದರಲ್ಲಿ ಮೊಳೆಯ ಸುತ್ತ ನೀಲಿಗಪ್ಪು ಕಲೆ. ಎರಡನೆಯದರಲ್ಲಿ ಮೊಳೆ ಇತ್ತು, ಕಲೆ ಇರಲಿಲ್ಲ. ಕಟ್ಟಿಗೆ ಮೊಳೆಯ ಅಂಚಿನ ತನಕ ಹಳದಿಯಾಗಿ, ಚೊಕ್ಕಟವಾಗಿ ಇತ್ತು. ಮೊಳೆಯೂ ಹೊಳೆಯುತ್ತಿತ್ತು.

ಅವಳು ಮೊಣಕಾಲೂರಿ ದಿಮ್ಮಿಯ ಬುಡದ ಮುಖವನ್ನು ನೋಡಿದಳು. ಮೆತ್ತಿದ ಸೆಗಣಿ ಸುಣ್ಣ ಬಿಳಿಚಿ ಬಿರುಕು ಬಿಟ್ಟಿತ್ತು. ಮೊಳೆ ಇದ್ದಲ್ಲಿ ಮಾತ್ರ ಅಂಗೈಯಗಲ ಬೇರೆ ಬಣ್ಣ. ಅದು ಬರಿ ಸೆಗಣಿ, ಸುಣ್ಣ ಇರಲಿಲ್ಲ.

“ಬಾಲಪ್ಪ, ಈ ಮುಖ ಯಾವಾಗ ಹುಟ್ಟಿತು?”

“ಯಾವ ಮುಖರಿ?”

“ಈ ಬುಡದ ಕೊಯ್ತದ್ದು. ಗಿಡ ನಿಂತಾಗ ಇದು ಹೊರಗ ಇತ್ತೇನು?”

ಬಾಲಪ್ಪನ ಕೈಲಿದ್ದ ಟೋಪಿ ಅಲ್ಲೇ ನಿಂತಿತು. “ಇಲ್ರಿ. ಬಿದ್ದ ಮರುದಿನ ಕಡದಾಗ ಹುಟ್ಟೇದ. ಹಂಗಾದ್ರ ಈ ಮೊಳಿ...”

“ಮೂರು ವಾರದೊಳಗ ಹೊಡದದ್ದು. ಸೆಗಣಿ ಮೆತ್ತಿದ ಮ್ಯಾಲ. ಕಾಣಬಾರದಂತ ಮ್ಯಾಲೊಂದು ತ್ಯಾಪಿ ಹಚ್ಚ್ಯಾರ.”

ಮೊಳೆಗೆ ಸುತ್ತಿದ್ದದ್ದನ್ನು ಅವಳು ಕಡ್ಡಿಯಿಂದ ಮೆಲ್ಲಗೆ ಬಿಡಿಸಿದಳು. ಹೆಣ್ಣಿನ ಕೂದಲು. ಬೇರು ಸಮೇತ ಕಿತ್ತದ್ದು. ಕಪ್ಪು ಎಳೆಗಳ ನಡುವೆ ಒಂದು ಹಿಡಿ ಬೆಳ್ಳಗಿನ ಎಳೆಗಳು, ಬುಡದಿಂದ ತುದಿಯ ತನಕ ಬೆಳ್ಳಗೆ.

ಸುಂದ್ರಮ್ಮ ಅದನ್ನು ಕೈಗೆ ತೆಗೆದುಕೊಳ್ಳಲಿಲ್ಲ. ಬಾಗಿ ಮೂಸಿದಳು.

“ಬೆಳ್ಳಿ ಕೂದಲ,” ಎಂದಳು. “ಹುಟ್ಟಿನಿಂದ ನೆತ್ತಿ ಮ್ಯಾಲ ಒಂದು ಹಿಡಿ. ನಮ್ಮವ್ವಗ ಇತ್ತು, ನನಗ ಇತ್ತು, ಅನುರಾಧಾಗ ಇತ್ತು. ಈಗ ನಂದು ತಲಿ ತುಂಬ ಬೆಳ್ಳಿ. ಯಾರಿಗೆ ತೋರಸಲಿ? ತಂಗಿ, ನೀ ಮೂಸಿ ನೋಡು.”

ಪಂಚಶೀಲಾ ಮೂಸಿದಳು. ಎಣ್ಣೆ. ಒಳಗೊಳಗೇ ಒಂದು ಕಹಿ ಕಂಪು.

“ಮೆಂತೆ ಹಾಕಿ ಕಾಸಿದ ಕೊಬ್ಬರಿ ಎಣ್ಣಿ. ನಾನ ಕಲಿಸೀನಿ ಆಕಿಗೆ. ಎಂಟು ವರ್ಷ ಎಣ್ಣಿ ವಾಸನಿ ಉಳಿತದೇನು?” ಸುಂದ್ರಮ್ಮನ ದನಿ ಒಡೆಯಲಿಲ್ಲ, ತೆಳ್ಳಗಾಯಿತು. “ನನ್ನ ಮಗಳು ಮೊನ್ನಿ ತಲಿಗೆ ಎಣ್ಣಿ ಹಚ್ಚಿಕೊಂಡಾಳ.”

ಮಿಲ್ಲಿನ ಆಳುಗಳು ಹಿಂದೆ ಸರಿದರು. ಬಾಲಪ್ಪ ಮರಕ್ಕೆ ಕೈ ಮುಗಿದ. ಪಂಚಶೀಲಾ ಬೌದ್ಧರ ಮನೆಯಲ್ಲಿ ಬೆಳೆದವಳು, ದೆವ್ವಕ್ಕೂ ಮಂತ್ರಕ್ಕೂ ಅವಳ ಮನೆಯಲ್ಲಿ ಜಾಗವಿರಲಿಲ್ಲ. ಆದರೂ ಆ ತೆರೆದ ಹಲಗೆಗಳ ಮುಂದೆ ಅವಳಿಗೂ ಕೈ ಜೋಡಿಸಬೇಕೆನಿಸಿತು. ಹಳೆಯ ಮೊಳೆಯನ್ನು ತನ್ನ ಮೈಯೊಳಗೆ ಇಟ್ಟುಕೊಂಡು ಹೊಸದನ್ನು ಹೊರಗೇ ನಿಲ್ಲಿಸಿ, ಸತ್ತ ಮೇಲೂ ಈ ಮರ ಎರಡನ್ನೂ ಬೇರೆ ಬೇರೆ ಮಾಡಿ ತೋರಿಸಿತ್ತು. ಕೊಲೆಯಾದವಳು ಬದುಕಿದ್ದಳು.

ಗಿಡ ಇರುವ ತನಕ ಕಟ್ಟು. ಗಿಡ ಬಿದ್ದರೆ ಕಟ್ಟು ಬಿಚ್ಚುತ್ತದೆ. ಕೂಡಿಹಾಕಿದವಳು ಕೈತಪ್ಪುತ್ತಾಳೆಂದು ಯಾರೋ ಹೆದರಿ ಮತ್ತೆ ಕಟ್ಟಿದ್ದರು. ಮತ್ತೆ ಕಟ್ಟಲು ಹೊಸ ಕೂದಲು ಬೇಕು, ಹೊಸ ಕೂದಲಿಗೆ ಬದುಕಿರುವ ತಲೆ ಬೇಕು.

ಹೊರಗೆ ಬೈಕು ನಿಂತ ಸದ್ದಾಯಿತು. ಮಹಾದೇವಪ್ಪ ಬಂದಿದ್ದ. ಇಸ್ತ್ರಿಯ ಬಿಳಿ ಅಂಗಿ, ಜೇಬಿನಲ್ಲಿ ಎರಡು ಪೆನ್ನು. ರಾತ್ರಿ ನಿದ್ದೆ ಮಾಡದ ಕಣ್ಣು.

ಪಂಚಶೀಲಾ ಹಲಗೆಗಳ ಮೇಲೆ ಗೋಣಿ ತಟ್ಟು ಎಳೆಸಿದಳು. ಹೊಸ ಮೊಳೆಯನ್ನು ಕಿತ್ತು, ಕೂದಲ ಸಮೇತ ಕಾಗದದಲ್ಲಿ ಸುತ್ತಿ ಕೈಲಿ ಹಿಡಿದಳು. ಸುಂದ್ರಮ್ಮನಿಗೆ ಕಣ್ಣಲ್ಲೇ ಸುಮ್ಮನಿರು ಎಂದಳು.

“ಬರ್ರಿ ಮಹಾದೇವಪ್ಪನವರ. ಚಾ ತರಸಲೇನ್ರಿ?”

“ಚಾ ಏನು ಕುಡೀಲಿ ಮೇಡಂ. ಬ್ಯಾಡ ಬ್ಯಾಡ ಅಂದ್ರೂ ದೆವ್ವ ಕಟ್ಟಿದ ಗಿಡಕ್ಕ ಗರಗಸ ಹಚ್ಚೀರಿ. ಆ ಹಣಮೇಶನ ಮ್ಯಾಲ ಕಾಗದ ಬರಿಯೋದು ಬಿಟ್ಟು ಇಲ್ಲಿ ಕಟಗಿ ಕೊಯಸಾಕತ್ತೀರಿ.”

“ಬರೀತೇನಿ. ನಾಳೆ ಬರಿಯೋದ ಅದ. ಒಂದು ಮಾತು ಸೇರಸಬೇಕಿತ್ತು. ಆ ದೆವ್ವದ ಮೊಳಿ ಹೊಡದಾಗ ನೀವಿದ್ರೇನು?”

“ಇದ್ದೆ. ಮಂತ್ರದವನ್ನ ಕರಕೊಂಡು ಬಂದಾಂವ ನಾನ. ಸೋದರಮಾವ ಅಂದಮ್ಯಾಲ ಮಾಡಬೇಕಲ್ರಿ.”

“ಎಷ್ಟು ಮೊಳಿ ಹೊಡದ್ರಿ?”

“ಒಂದ.”

“ಆಮ್ಯಾಲ ಯಾವಾಗರೆ ಇನ್ನೊಂದು?”

“ಆಮ್ಯಾಲ ಯಾಕ ಹೊಡೀತಾರ್ರಿ? ಒಂದ ಮೊಳಿ. ಬೇಕಾದ್ರ ಅಕ್ಕನ್ನ ಕೇಳ್ರಿ.”

ಪಂಚಶೀಲಾ ಕಾಗದ ಬಿಚ್ಚಿದಳು. “ಇದ ಏನು ನೋಡ್ರಿ.”

ಅವನು ಬಾಗಿ ನೋಡಿದ. ಕಪ್ಪು ಕೂದಲು, ಬೆಳ್ಳಿ ಎಳೆ. ಹೆಗಲು ಸಡಿಲವಾಯಿತು. ಇದನ್ನು ಹಳೆಯ ಮೊಳೆಯೆಂದೇ ತಿಳಿದಿದ್ದಾರೆ, ತಪ್ಪಿಸಿಕೊಂಡೆ ಅಂದುಕೊಂಡವನ ನಿರಾಳ ಅದು. ಅವನು ಇಲ್ಲ, ಇದು ಯಾವುದೋ ಏನೋ ಎಂದಿದ್ದರೆ ಅವಳ ಕೈಲಿ ಏನೂ ಉಳಿಯುತ್ತಿರಲಿಲ್ಲ.

“ಇದ. ಅನುರಾಧಾಂದ. ನನ್ನ ಕಣ್ಣ ಮುಂದ ಹೊಡದದ್ದು, ಖರೇ. ಪಾಪ, ಹಣಮೇಶ ಆ ಹುಡುಗಿನ್ನ ಏನು ಮಾಡಿದನೋ.”

“ಬಾಲಪ್ಪ, ತಟ್ಟು ತೆಗಿ.”

ಬಿಸಿಲಿಗೆ ಹಲಗೆಗಳು ಹೊಳೆದವು. ನೀಲಿಗಪ್ಪು ಕಲೆಯ ನಡುವೆ ಹಳೆಯ ಮೊಳೆ ಇದ್ದಲ್ಲೇ ಇತ್ತು.

“ಒಂದ ಮೊಳಿ ಅಂದ್ರಿ. ಅದು ಇಲ್ಲಿ ಅದ, ಗಿಡ ನುಂಗೇದ. ನನ್ನ ಕೈಯಾಗಿಂದು ಬುಡದ ಕೊಯ್ತದಾಗ ಸಿಕ್ಕದ. ಗಿಡ ಬಿದ್ದ ಮ್ಯಾಲ ಹುಟ್ಟಿದ ಕೊಯ್ತ. ಇದನ್ನ ನಿಮ್ಮ ಕಣ್ಣ ಮುಂದ ಹೊಡದಾರ ಅಂದ್ರಿ. ಯಾವಾಗ ಹೊಡದ್ರಿ?”

ಮಹಾದೇವಪ್ಪ ಜೇಬಿನ ಪೆನ್ನು ಮುಟ್ಟಿಕೊಂಡ, ಬಿಟ್ಟ, ಮತ್ತೆ ಮುಟ್ಟಿಕೊಂಡ.

“ಹಣಮೇಶ ಹೊಡದಿರಬೇಕು.”

“ಅಂವ ಜೈಲಿನಾಗ ಅದಾನ. ಗಿಡ ಬಿದ್ದು ಗೆಜ್ಜಿ ಸಿಕ್ಕ ದಿನದಿಂದ. ಆ ಗೆಜ್ಜಿ ಹುಡುಕಿ ಕೊಟ್ಟಾಂವನೂ ನೀವ.”

ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಸುಂದ್ರಮ್ಮ ತಮ್ಮನನ್ನು ನೋಡುತ್ತಲೇ ಇದ್ದಳು. ಎಂಟು ವರ್ಷ ಅವಳ ಪಕ್ಕದಲ್ಲಿ ಕೂತು, ಓಡಿಹೋದವಳನ್ನು ಮರೆತುಬಿಡು ಅಕ್ಕಾ, ಮನೆತನದ ಇಜ್ಜತ್ ತೆಗೆದಳು ಎಂದು ಸಮಾಧಾನ ಹೇಳಿದ ಬಾಯಿ ಅದು.

ಅಷ್ಟರಲ್ಲಿ ಮದೀನಾಬೀಯ ದನಿ ಎದ್ದಿತು. ಮಾತು ಸುಳ್ಳಾದದ್ದನ್ನು ಅವಳಿಗೆ ಸಹಿಸಲಾಗಿರಲಿಲ್ಲ. ಎಲ್ಲರೂ ಮಹಾದೇವಪ್ಪನ ಮುಖ ನೋಡುತ್ತಿದ್ದಾಗ ಅವಳು ಉಳಿ ಹಿಡಿದು ಬುಡದ ಸೆಗಣಿಯನ್ನೆಲ್ಲ ಕೆರೆಯುತ್ತಾ ಕೂತಿದ್ದಳು. “ಮೇಡಂ, ಇಲ್ಲಿ ಇನ್ನೊಂದು ತ್ಯಾಪಿ ಅದರಿ,” ಎಂದಳು. “ಮೊಳಿ ಸಣ್ಣದು.”

ಬಾಲಪ್ಪ ಇಕ್ಕಳದಿಂದ ಎಳೆದ. ಆ ಮೊಳೆಯ ಸುತ್ತಲೂ ಕಲೆ ಇರಲಿಲ್ಲ. ಅದಕ್ಕೆ ಸುತ್ತಿದ್ದ ಕೂದಲು ನವಿರು, ರೇಷ್ಮೆಯಂತೆ ತೆಳು, ಗಿಡ್ಡ. ಬಾಲಪ್ಪ ನಾಲ್ಕು ಮಕ್ಕಳ ತಂದೆ. ಅದನ್ನು ಬೆಳಕಿಗೆ ಹಿಡಿದ.

“ಕೂಸಿನ ಕೂದಲ್ರಿ ಮೇಡಂ.”

ಕಂದು ಎಳೆಗಳ ನಡುವೆ ಒಂದಿಷ್ಟು ಎಳೆಗಳು ಬುಡದಿಂದ ತುದಿಯ ತನಕ ಬೆಳ್ಳಗಿದ್ದವು.

ಅಜ್ಜಿಯಿಂದ ಮಗಳಿಗೆ, ಮಗಳಿಂದ ಮೊಮ್ಮಗುವಿಗೆ ಇಳಿದ ಆ ಬೆಳ್ಳಿ ಎಳೆ ಗಾಳಿಗೆ ಮೆಲ್ಲಗೆ ಆಡುತ್ತಿತ್ತು. ಜೈಲಿನಲ್ಲಿರುವ ಹಣಮೇಶನ ಮುಖ ಪಂಚಶೀಲಾಳ ಕಣ್ಣ ಮುಂದೆ ಬಂತು. ಅನುರಾಧಾ ಬಸುರಿಯಾಗಿಯೇ ಕಾಣೆಯಾಗಿರಬೇಕು, ಕೂಸಿಗೆ ಈಗ ಏಳು ವರ್ಷವಿರಬೇಕು. ಆ ಕುರಿಗಾರ ತನಗೊಂದು ಕೂಸಿದೆ ಎಂದು ತಿಳಿಯದೆ, ಆ ಕೂಸಿನ ತಾಯಿಯನ್ನು ಕೊಂದ ಆರೋಪ ಹೊತ್ತು ಕೂತಿದ್ದ.

ಬೆನ್ನು ತಿರುಗಿಸಿ ನಿಂತಿದ್ದ ಮಹಾದೇವಪ್ಪ, ಯಾರಿಗೂ ಅಲ್ಲ ಅನ್ನುವಂತೆ ಗೊಣಗಿದ.

“ಆಕೀದು ಹೊಡೀಬ್ಯಾಡ ಅಂದಿದ್ದೆ.”

ಬಾಲಪ್ಪ ಅಂದದ್ದು ಕೂಸು. ಕೂಸು ಅಂದರೆ ಗಂಡೂ ಆಗಬಹುದು, ಹೆಣ್ಣೂ ಆಗಬಹುದು. ಆಕಿ ಅಂದವನು ಮಹಾದೇವಪ್ಪ ಒಬ್ಬನೇ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡವನ ಗತಿ ಅವನದಾಯಿತು. ತನ್ನ ಬಾಯಿಂದ ಏನು ಬಿತ್ತು ಎಂದು ಗೊತ್ತಾದಾಗ ಅವನು ಹಲಗೆಯ ಅಟ್ಟಿಯ ಮೇಲೆ ಕುಸಿದು ಕೂತ.

ಪಂಚಶೀಲಾ ಬಾಯಿ ತೆರೆಯುವ ಮೊದಲೇ ಸುಂದ್ರಮ್ಮ ಅವನ ಮುಂದೆ ನಿಂತಿದ್ದಳು. ಬೈಯಲಿಲ್ಲ, ಹೊಡೆಯಲಿಲ್ಲ. ಸೆರಗಿನ ಮೇಲೆ ಕೂತಿದ್ದ ಕಟ್ಟಿಗೆಯ ಪುಡಿಯನ್ನೂ ಒರೆಸಿಕೊಳ್ಳಲಿಲ್ಲ.

“ಮಾದೇವಾ, ನನ್ನ ಮೊಮ್ಮಗಳ ಹೆಸರೇನು?”

“ಅಕ್ಕಾ...”

“ಹೆಸರ ಕೇಳೇನಿ.”

ಅವನು ನೆಲ ನೋಡಿದ. “ನಿನ್ನ ಹೆಸರ ಇಟ್ಟಾಳ.”

ಸುಂದ್ರಮ್ಮ ಹಲಗೆಗೆ ಕೈ ಊರಿ ನಿಂತಳು. ಹೊಸ್ತಿಲಿಗೆಂದು ಕೊಯ್ದ ಹಲಗೆ ಅದೇ. ಅವಳ ಕಣ್ಣಲ್ಲಿ ನೀರು ಬಂದದ್ದು ಆಗ. ಮುಖ ಮಾತ್ರ ಅರಳಿತ್ತು. ಅಂಥ ಮುಖವನ್ನು ಪಂಚಶೀಲಾ ತನ್ನ ನೌಕರಿಯಲ್ಲಿ ನೋಡಿರಲಿಲ್ಲ.

“ಎಲ್ಲಿ ಇಟ್ಟೀರಿ ಅವರನ್ನ?” ಎಂದಳು ಪಂಚಶೀಲಾ. “ಈಗ ಹೇಳ್ರಿ. ಜೀಪು ಹೊರಗ ಅದ.”

“ನಿನ್ನಿತನ ಗೊತ್ತಿತ್ರಿ.” ಮಹಾದೇವಪ್ಪನ ಹಣೆಯಲ್ಲಿ ಬೆವರೊಡೆದಿತ್ತು. ಅವನು ಹೆದರಿದ್ದ, ಆದರೆ ಪೊಲೀಸರಿಗಲ್ಲ. ತೆರೆದು ಮಲಗಿದ್ದ ಹುಣಸೆಯನ್ನು ನೋಡುತ್ತಿದ್ದ. “ನಿನ್ನಿ ನೀವು ಇದನ್ನ ಟ್ರ್ಯಾಕ್ಟರಿಗೆ ಏರಿಸಿದ್ರಿ. ಕಟ್ಟು ಬಿಚ್ಚತದ ಅಂತ ಬಡಕೊಂಡೆ, ಕೇಳಲಿಲ್ಲ. ಸಂಜಿಗೆ ಹೋಗಿ ನೋಡಿದೆ. ಬಾಗಲಾ ತೆರದಿತ್ತು. ತಾಯಿ ಇಲ್ಲ, ಕೂಸಿಲ್ಲ.”

“ಬಾಗಲಾ ಮುರಿದಿದ್ರೇನು?”

“ಇಲ್ರಿ. ಕೀಲಿ ತೆಗದಿತ್ತು. ಹೊರಗಿನಿಂದ.”

“ಕೀಲಿಕೈ ಯಾರ ಹತ್ರ ಇತ್ತು?”

ಮಹಾದೇವಪ್ಪ ಬಾಲಪ್ಪನ ಇಕ್ಕಳದಲ್ಲಿ ಇನ್ನೂ ತೂಗುತ್ತಿದ್ದ ಸಣ್ಣ ಮೊಳೆಯ ಕಡೆ ಕೈ ತೋರಿಸಿದ.

“ಅದನ್ನ ಹೊಡದ ಮಂತ್ರದಾಂವನ ಹತ್ರ,” ಎಂದ. “ಅಂವನೂ ಇಲ್ಲ.”